ಭಾವನವರ ಕರಪತ್ರ

ನನ್ನ ಭಾವನವರು ಮೈಸೂರಿನಲ್ಲಿ ಮನೆ ಕಟ್ಟಿಕೊಡುವ ಕಂಟ್ರಾಕ್ಟರು. ಅವರು ಹಾಕಿದ ತಾರಸಿ ಸೋರಿದುದನ್ನು ನಾನು ಕೇಳಿಲ್ಲ. ಅವರ ಲೆಕ್ಕ ತಪ್ಪಿತೆಂದು ಅವರಿಗಾಗದವರೂ ಹೇಳಿಲ್ಲ. ಇಷ್ಟು ಗುಣವಂತನಲ್ಲಿ ಒಂದು ಕಲೆಯೂ ಇಲ್ಲದಿದ್ದರೆ ಚಂದ್ರನಿಗೆ ಅವಮಾನವಾದೀತೆಂದೋ ಏನೋ, ಬ್ರಹ್ಮನು ಅವರಿಗೊಂದು ಹಟವನ್ನು ದಯಪಾಲಿಸಿದ್ದನು. ಜಾಹೀರಾತು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರು ಕೆರಳುತ್ತಿದ್ದರು.

“ನೋಡಯ್ಯ, ನಾನು ಕಟ್ಟಿದ ಗೋಡೆಯೇ ನನ್ನ ಪರವಾಗಿ ಮಾತಾಡುತ್ತೆ. ಒಳ್ಳೆ ಕೆಲಸಕ್ಕೆ ಡಂಗುರ ಯಾಕೆ?”

ನಾನು ತಲೆದೂಗುತ್ತಿದ್ದೆ. ತನ್ನ ಕಾವ್ಯವನ್ನು ಹಳೆಯ ಕವಿಯದೆಂದು ಹೇಳಿ ತಾನು ಮರೆಯಲ್ಲಿ ನಿಂತ ಮುದ್ದಣನನ್ನು ತರಗತಿಯಲ್ಲಿ ಕೊಂಡಾಡುವವನು ನಾನು. ಆತ್ಮಪ್ರಶಂಸೆಯನ್ನು ಒಪ್ಪುವುದು ಹೇಗೆ?

೨೦೨೩ರಲ್ಲಿ ಪಂಚಾಂಗವೇ ನಮ್ಮಿಬ್ಬರಿಗೂ ಪಾಠ ಹೇಳಿತು. ಆ ವರ್ಷದ ವೈಶಾಖ ಜ್ಯೇಷ್ಠಗಳಲ್ಲಿ ಭಾವನವರು ಕಟ್ಟಿದ ಮೂರು ಮನೆಗಳ ಗೃಹಪ್ರವೇಶ ಒಂದರ ಹಿಂದೊಂದು ನಡೆಯಿತು. ಮೂರು ಕಡೆಯೂ ಹೋಳಿಗೆ ಉಂಡೆವು. ಕೈ ತೊಳೆದು ನೋಡಿದರೆ ಆಷಾಢ; ಆಷಾಢ ಕಳೆಯಿತೆನ್ನುವಷ್ಟರಲ್ಲಿ ಅಧಿಕ ಶ್ರಾವಣ! ಎರಡು ತಿಂಗಳು ಯಾರೂ ಗುದ್ದಲಿಪೂಜೆಯ ಮಾತೆತ್ತಲಿಲ್ಲ. ಹನ್ನೆರಡು ಜನ ಕೆಲಸದವರು ಬೆಳಗಾದರೆ ಬಾಗಿಲಿಗೆ ಬಂದು, ಅಕ್ಕ ಕೊಟ್ಟ ಕಾಫಿ ಕುಡಿದು, ನೆಲ ನೋಡುತ್ತ ಹಿಂತಿರುಗುತ್ತಿದ್ದರು. ಹದಿನಾಲ್ಕು ವರ್ಷ ಭಾವನವರ ಬಲಗೈಯಾಗಿದ್ದ ಮೇಸ್ತ್ರಿ ಒಂದು ದಿನ ಕರಣೆ, ಮಟ್ಟಗೋಲುಗಳನ್ನು ಚೀಲಕ್ಕೆ ತುಂಬಿಕೊಂಡೇ ಬಂದನು. “ಮಕ್ಕಳ ಸ್ಕೂಲು ಫೀಜು ಆಷಾಢ ನೋಡಾಕಿಲ್ಲ ಸ್ವಾಮಿ” ಎಂದು ಹೇಳಿ ಬೆಂಗಳೂರಿನ ರೈಲು ಹತ್ತಿದನು. ಆ ರಾತ್ರಿ ಭಾವನವರು ಊಟ ಮಾಡಲಿಲ್ಲ.

ಮರುದಿನವೇ ನನಗೆ ಕರೆ ಬಂದಿತು: “ಕರಪತ್ರ ಹೊಡೆಸೋಣ. ನೀನು ಬರೆದುಕೊಡು.”

ಬರೆದೆ. ನನ್ನ ಎಂ.ಎ. ಪದವಿಯನ್ನೆಲ್ಲ ಅದರಲ್ಲಿ ಧಾರೆಯೆರೆದೆ. ‘ವಾಸ್ತುವಿದ್ಯಾವಿಶಾರದರೂ ಸೌಧನಿರ್ಮಾಣಧುರಂಧರರೂ’ ಎಂದು ಆರಂಭವಾದ ಎರಡು ಸಾವಿರ ಪ್ರತಿಗಳು ದಿನಪತ್ರಿಕೆಗಳ ಮಡಿಕೆಯೊಳಗೆ ಸೇರಿ ಮನೆಮನೆಗೆ ಹೋದವು. ಬಂದ ಕರೆಗಳು ಎರಡು. ಒಬ್ಬರು ದೇವಸ್ಥಾನದ ಗೋಪುರ ರಿಪೇರಿ ಮಾಡುತ್ತೀರಾ ಎಂದರು. ಇನ್ನೊಬ್ಬರು, “ಸೈಟಿದೆ, ಬ್ಯಾಂಕಿನ ಸಾಲವಾಗಬೇಕು, ಪ್ಲಾನು ಮಂಜೂರಾಗಬೇಕು, ಮುಂದಿನ ವರ್ಷ ನೋಡೋಣ” ಎಂದರು.

ಆ ಎರಡನೆಯ ಕರೆಯ ಮರ್ಮವನ್ನು ಹಿಡಿದವಳು ನನ್ನ ಅಕ್ಕ. “ಇವತ್ತು ನಮ್ಮ ಹೆಸರು ಕೇಳಿದವರು ಪಾಯ ತೋಡಿಸೋದು ಆರು ತಿಂಗಳಿಗೋ ವರ್ಷಕ್ಕೋ. ಹಸಿವಾದ ದಿನ ಬಿತ್ತಿದರೆ ಅವತ್ತೇ ಊಟ ಸಿಗುತ್ತೇನು? ಕೆಲಸ ತುಂಬಿರುವಾಗಲೇ ಕೂಗಬೇಕಿತ್ತು” ಎಂದಳು.

ಅಕ್ಕ ಹಳೆಯ ಲೆಕ್ಕದ ಪುಸ್ತಕಗಳನ್ನು ಹರಡಿಕೊಂಡು ಕುಳಿತಳು. ಯಾವ ಮನೆಯ ಕೆಲಸ ಯಾರ ಮೂಲಕ ಬಂತೆಂದು ಒಂದೊಂದನ್ನೂ ಗುರುತುಹಾಕಿದಳು. ಹನ್ನೊಂದು ಮನೆಗಳಲ್ಲಿ ಏಳು, ಕೆಲಸ ನಡೆಯುತ್ತಿದ್ದ ಬೀದಿಯವರೇ ನೋಡಿ ವಿಚಾರಿಸಿದವು. ಹಾಗಾದರೆ ನೋಡಿಯೂ ವಿಳಾಸ ತಿಳಿಯದೆ ಹೋದವರೆಷ್ಟೋ! ಭಾವನವರ ಗೋಡೆ ಮಾತಾಡಿತ್ತು, ನಿಜ. ಆದರೆ ಅದು ಯಜಮಾನನ ಫೋನು ನಂಬರನ್ನು ಹೇಳಿರಲಿಲ್ಲ.

ಆಮೇಲೆ ಅಕ್ಕ ಹೊಸ ಪುಸ್ತಕವೊಂದರಲ್ಲಿ ಹನ್ನೆರಡು ತಿಂಗಳುಗಳನ್ನು ಬರೆದಳು. ಗುದ್ದಲಿಪೂಜೆಯ ದಿನವೇ ನಿವೇಶನದ ಮುಂದೆ ಬೋರ್ಡು ನಿಲ್ಲಬೇಕು. ಪ್ಲಾಸ್ಟಿಕ್ ಫ್ಲೆಕ್ಸು ೨೦೧೬ರಲ್ಲೇ ರಾಜ್ಯದಲ್ಲಿ ನಿಷಿದ್ಧವಾದುದರಿಂದ ತಗಡಿನ ಬೋರ್ಡು. ಚೈತ್ರದಲ್ಲಿ, ಮಳೆಗೆ ಮುಂಚೆ, ತಾವು ಕಟ್ಟಿದ ಮನೆಗಳಿಗೆಲ್ಲ ಹೋಗಿ ತಾರಸಿ ನೋಡಿ ಬರುವುದು. ವೈಶಾಖದಲ್ಲಿ ಸೋರಿಕೆ, ಕಾಂಪೌಂಡು, ಬಣ್ಣದ ಕೆಲಸಗಳ ಪ್ರಚಾರ. ರಿಪೇರಿಗೆ ಮುಹೂರ್ತ ಬೇಡವಾದ್ದರಿಂದ ಅವು ಆಷಾಢಕ್ಕೆ ಒದಗುತ್ತವೆ. ದಸರೆಗೆ ಹಳೆಯ ಗಿರಾಕಿಗಳಿಗೆ ಒಂದು ಕಾರ್ಡು. ತಿಂಗಳಿಗೊಮ್ಮೆ ನಡೆಯುತ್ತಿರುವ ಕೆಲಸದ ಚಿತ್ರ ವಾಟ್ಸಾಪಿನಲ್ಲಿ. ಖರ್ಚಿಗೆ ಬಂದ ಬಿಲ್ಲಿನಲ್ಲಿ ನೂರಕ್ಕೆ ಒಂದು ರೂಪಾಯಿ, ಸಿಮೆಂಟಿನ ಬಾಬಿನಂತೆ ತಪ್ಪದೆ ಎತ್ತಿಡಬೇಕು. ಕರೆ ಮಾಡಿದವರನ್ನೆಲ್ಲ “ನಮ್ಮ ಹೆಸರು ಎಲ್ಲಿ ಕೇಳಿದಿರಿ?” ಎಂದು ಕೇಳಿ ಬರೆದಿಡಬೇಕು.

ನಿಜ ಶ್ರಾವಣದಲ್ಲಿ ಎರಡು ಮನೆಗಳ ಕೆಲಸ ಸಿಕ್ಕೊಡನೆ ಭಾವನವರ ಹಟ ಮತ್ತೆ ತಲೆಯೆತ್ತಿತು. “ಕೈತುಂಬ ಕೆಲಸ ಇರುವಾಗ ಬೋರ್ಡು ಯಾಕೆ?”

ಈಗ ನಾನು ಅಕ್ಕನ ಪಕ್ಷ ವಹಿಸಬೇಕಾಯಿತು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರ್ಕಾರಿ ಸಾಬೂನು ಕಾರ್ಖಾನೆಯ ಶರಭದ ಗುರುತು ಇಂದಿಗೂ ಮೈಸೂರು ಸ್ಯಾಂಡಲ್ ಸೋಪಿನ ಮೇಲಿದೆ. ಗಂಧದ ಪರಿಮಳವೇ ಸಾಕೆಂದು ಅವರು ಗುರುತನ್ನು ಅಳಿಸಲಿಲ್ಲ ಎಂದೆ. ಐತಿಹಾಸಿಕ ಕಾದಂಬರಿಗಳ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ಅಲೆದುದನ್ನು ಹೇಳಿದೆ. ಹೇಳುತ್ತಿದ್ದಂತೆ ನನಗೇ ಹೊಳೆಯಿತು: ಮುದ್ದಣನ ಅಡಗುವಿಕೆ ಚೆಲುವಾದುದೇ, ಆದರೆ ಅವನನ್ನು ನಂಬಿ ಹನ್ನೆರಡು ಕುಟುಂಬಗಳು ಕುಳಿತಿರಲಿಲ್ಲ. ನಮ್ಮ ಸಂಕೋಚದ ಬೆಲೆಯನ್ನು ಇನ್ನೊಬ್ಬರ ಮಕ್ಕಳು ತೆರುವುದಾದರೆ ಅದನ್ನು ವಿನಯವೆನ್ನಬಹುದೇ?

ಬೋರ್ಡು ನಿಂತಿತು. ನನ್ನ ಸಮಾಸಗಳಿಗೆ ಅದರಲ್ಲಿ ಸ್ಥಳ ದೊರೆಯಲಿಲ್ಲ. ‘ಮನೆ ಕಟ್ಟಿಕೊಡುತ್ತೇವೆ’ ಎಂಬ ಎರಡು ಮಾತು, ಹೆಸರು, ಫೋನು ನಂಬರು, ಅಷ್ಟೇ. ಉಳಿದ ಕರಪತ್ರಗಳ ಹಿಂಬದಿಯಲ್ಲಿ ಭಾವನವರು ಕಬ್ಬಿಣದ ಲೆಕ್ಕ ಬರೆಯುತ್ತಾರೆ, ಕಾಗದ ಚೆನ್ನಾಗಿದೆಯಂತೆ.

೨೦೨೪ರ ಜ್ಯೇಷ್ಠದ ಒಂದು ಸಂಜೆ ನಾನು ಅಲ್ಲಿದ್ದಾಗ ಮೇಸ್ತ್ರಿಯ ಫೋನು ಬಂದಿತು. ಯೋಗಕ್ಷೇಮವಾದ ಮೇಲೆ ಅವನು ತಡವರಿಸುತ್ತ, “ಆಷಾಢದಲ್ಲೂ ಕೆಲಸ ಇರ್ತದಾ ಸ್ವಾಮಿ?” ಎಂದು ಕೇಳಿದನು.

ಭಾವನವರು ಉತ್ತರ ಕೊಡಲಿಲ್ಲ. ಫೋನನ್ನು ಅಕ್ಕನ ಕೈಗಿತ್ತರು. ಅವಳು ಪುಸ್ತಕ ತೆರೆದು, ಯಾರ ತಾರಸಿ, ಯಾರ ಕಾಂಪೌಂಡು, ಯಾವ ವಾರ ಎಂದು ಒಂದೊಂದಾಗಿ ಓದಿ ಹೇಳತೊಡಗಿದಳು. ಭಾವನವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೇಳುತ್ತಿದ್ದರು.