ಕಾವಲಿಯ ಮೇಲೆ ಎರಡು ಹನಿ

ಬೆಳಿಗ್ಗೆ ದೋಸೆ ಕಾವಲಿ ಕಾದಿದೆಯೋ ಇಲ್ಲವೋ ನೋಡೋಣವೆಂದು ನೀರು ಚಿಮುಕಿಸಿದೆ. ಚುಂಯ್ ಎಂದು ಹನಿಗಳು ಹೊರಳಾಡಿ ಮಾಯವಾದವು. ಹಿಟ್ಟಿನ ಸೌಟು ಕೈಯಲ್ಲೇ ಉಳಿಯಿತು. ನೆನಪಾದದ್ದು ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ ಕಟ್ಟಕಡೆಯ ಸುತ್ತ, 152ನೆಯದು, ಇಂದ್ರಿಯಭಾವನಾ ಸುತ್ತ. ಅದರಲ್ಲಿ ಬುದ್ಧ ಹೇಳುವುದು ಇದನ್ನೇ: ದಿನವಿಡೀ ಕಾದ ಕಬ್ಬಿಣದ ಬಾಣಲೆಗೆ ಎರಡು ಮೂರು ಹನಿ. ಬೀಳುವುದಕ್ಕೆ ಬೇಕಾದರೆ ಹೊತ್ತು ಹಿಡಿದೀತು, ಆರಿಹೋಗುವುದಕ್ಕೆ ಹಿಡಿಯದು. ಇದು ಮನಸ್ಸಿಗೆ ಕೊಟ್ಟ ಹೋಲಿಕೆ. ಕಿವಿಗೆ ಚಿಟಿಕೆ ಹೊಡೆಯುವಷ್ಟು ಹೊತ್ತು, ಮೂಗಿಗೆ ತುಸು ವಾಲಿದ ತಾವರೆ ಎಲೆಯಿಂದ ಜಾರುವ ಮಳೆಹನಿ. ಹಿತವೋ ಅಹಿತವೋ ಏಳುತ್ತದೆ, ಎದ್ದದ್ದು ತಿಳಿಯುತ್ತದೆ, ಇಳಿಯುತ್ತದೆ, ಉಪೇಕ್ಷೆ, ಅಂದರೆ ಸಮತೆ, ನೆಲೆಗೊಳ್ಳುತ್ತದೆ. ಹನಿ ಬೀಳುವುದೇ ಇಲ್ಲ ಎಂದು ಆ ಸುತ್ತ ಎಲ್ಲೂ ಹೇಳುವುದಿಲ್ಲ.

ನನ್ನ ಅಭ್ಯಾಸವೆಲ್ಲ ಕಿವಿಯದು. ಐದು ಗಂಟೆಗೆ ಧ್ಯಾನಕ್ಕೆ ಕೂರುತ್ತೇನೆ, ಐದೂಕಾಲಿಗೆ ಪಕ್ಕದ ಮನೆಯ ನೀರಿನ ಮೋಟಾರು ಶುರು. 'ಕೇಳುತ್ತಿದೆ, ಕೇಳುತ್ತಿದೆ' ಎಂದು ಗುರುತು ಹಾಕುವುದು ಬರ್ಮಾದ ಮಹಾಸಿ ಸಯಾಡೊ ಅವರ ದಾರಿ. ನನಗೆ ಒಗ್ಗಿದ್ದು ಬೇರೆ. ಸದ್ದಿನ ಹಿಂದೆ ಹೋಗುವುದಿಲ್ಲ, ಹುಬ್ಬುಗಳ ನಡುವಿಗೆ ಹೋಗುತ್ತೇನೆ. ಮೋಟಾರು ಗುಂಯ್ಗುಟ್ಟಿದ ಕೂಡಲೇ ಅಲ್ಲೊಂದು ಸಣ್ಣ ಗಂಟು ಬೀಳುತ್ತದೆ. 'ಇಷ್ಟು ಬೇಗ ಯಾಕೆ ಹಾಕುತ್ತಾರೆ' ಎಂಬ ಮಾತು ಹುಟ್ಟುವುದು ಅದಾದ ಮೇಲೆ. ಸ್ಪರ್ಶವಾಯಿತು, ವೇದನೆ, ಅಂದರೆ ಹಿತ ಅಹಿತದ ಅನುಭವ, ಎದ್ದಿತು, ತೃಷ್ಣೆ ಇನ್ನೂ ಬಾಗಿಲು ದಾಟಿಲ್ಲ. ಯೋನಿಸೋ ಮನಸಿಕಾರ, ಅಂದರೆ ಬುಡಕ್ಕೇ ಇಳಿದು ನೋಡುವುದು, ಅಲ್ಲಿ ಕೈಗೆ ಸಿಗುತ್ತದೆ. ನೋಡುತ್ತಿದ್ದಂತೆ ಗಂಟು ಸಡಿಲವಾಗುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ, ಎಷ್ಟು ಚೆಂದದ ಸದ್ದು ಅನ್ನಿಸುವ ದಿನಗಳೂ ಉಂಟು. ಹಿತವಾದದ್ದನ್ನು ಹಿಡಿಯುವುದು ಇನ್ನೂ ಕಷ್ಟ. ಇಂಗಿನ ಒಗ್ಗರಣೆಯ ವಾಸನೆ ಬಂದರೆ ಗಂಟು ಬೀಳುವುದಿಲ್ಲ, ಮೈ ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತದೆ. ಆ ವಾಲುವಿಕೆ ಕಣ್ಣಿಗೆ ಬೀಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಹತ್ತು ದಿನದ ಧ್ಯಾನ ಶಿಬಿರವೊಂದರಲ್ಲಿ ಮೌನ ಬಿಟ್ಟ ದಿನ ಹಳೆಯ ಸಾಧಕರೊಬ್ಬರು, "ಈ ಸಲ ಊಟದ ರುಚಿಯೇ ಗೊತ್ತಾಗಲಿಲ್ಲ ನೋಡಿ, ಅಷ್ಟು ಸಮತೆ" ಎಂದರು. ನಾಲಿಗೆ ಮರಗಟ್ಟಿದರೆ ಅದು ಸಮತೆಯೇ? ಇದೇ ಸುತ್ತದಲ್ಲಿ ಉತ್ತರ ಎಂಬ ಹುಡುಗ ಬರುತ್ತಾನೆ. ಕಣ್ಣಿನಿಂದ ನೋಡಬೇಡಿ, ಕಿವಿಯಿಂದ ಕೇಳಬೇಡಿ ಎಂಬುದು ತನ್ನ ಗುರು ಪಾರಾಸರಿಯನ ಬೋಧನೆ ಎನ್ನುತ್ತಾನೆ. ಹಾಗಾದರೆ ಕುರುಡರೂ ಕಿವುಡರೂ ಇಂದ್ರಿಯಗಳನ್ನು ಪಳಗಿಸಿಕೊಂಡವರಾದರಲ್ಲ ಎಂದು ಬುದ್ಧ ಕೇಳಿದಾಗ ಹುಡುಗ ಹೆಗಲು ಇಳಿಬಿಟ್ಟು ತಲೆ ತಗ್ಗಿಸುತ್ತಾನೆ. ಅದೇ ಪಾರಾಸರಿಯನ ಪಾಠ ಇವತ್ತು ಬುದ್ಧನ ಹೆಸರಿನಲ್ಲೇ ನಡೆಯುತ್ತಿದೆ.

ಈ ತಪ್ಪು ತಿಳಿವಳಿಕೆಯಲ್ಲಿ ನಮ್ಮ ಕನ್ನಡದ ಪಾಲೂ ಇದೆ. ಉಪೇಕ್ಷೆ ಎಂದರೆ ನಮಗೆ ಅಲಕ್ಷ್ಯ. 'ಕೆಮ್ಮನ್ನು ಉಪೇಕ್ಷಿಸಬೇಡಿ' ಎನ್ನುತ್ತೇವೆ. ಆದರೆ ಪದವನ್ನು ಬಿಡಿಸಿದರೆ ಉಪ, ಈಕ್ಷ್: ಹತ್ತಿರ, ನೋಡು. 5ನೆಯ ಶತಮಾನದ ಪಾಲಿ ಭಾಷ್ಯಕಾರ ಬುದ್ಧಘೋಷನಿಗೆ ಈ ಅಪಾಯ ಗೊತ್ತಿತ್ತು. ರಾಗದ್ವೇಷಗಳನ್ನು ಉಪೇಕ್ಷೆಯ ದೂರದ ಶತ್ರುಗಳೆಂದು ಕರೆದು, ಹತ್ತಿರದ ಶತ್ರುವಿನ ಜಾಗದಲ್ಲಿ ಅವನು ಕೂರಿಸಿದ್ದು ಅಜ್ಞಾನದ ಉಪೇಕ್ಷೆಯನ್ನು. ನೋಡುವುದಕ್ಕೆ ಎರಡು ಉಪೇಕ್ಷೆಗಳೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಅದಕ್ಕೇ ಮೋಸ.

ಊಟದ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಹೋದ ವರ್ಷ ನಮ್ಮ ಬೀದಿಯ ಅಕ್ಕನೊಬ್ಬರ ಗಂಡ ತೀರಿಕೊಂಡರು. ಹೆಣ ಇನ್ನೂ ಎತ್ತಿರಲಿಲ್ಲ, ಧ್ಯಾನ ಮಾಡುವವರೊಬ್ಬರು ಆಕೆಯ ಮುಂದೆ ಕೂತು, "ಅಳಬಾರದು, ಎಲ್ಲ ಅನಿತ್ಯ, ಸಮತೆಯಲ್ಲಿರಿ" ಎಂದರು. ನನ್ನ ಹುಬ್ಬಿನ ಗಂಟು ಅವತ್ತು ಸಡಿಲವಾಗಲಿಲ್ಲ, ಈಗ ಬರೆಯುವಾಗಲೂ ಬಿಗಿಯುತ್ತಿದೆ. ಇನ್ನೊಬ್ಬರ ದುಃಖದಿಂದ ತಾವು ತಪ್ಪಿಸಿಕೊಳ್ಳಲು ಬುದ್ಧನ ಮಾತನ್ನು ಅಡ್ಡ ಹಿಡಿಯುವುದು ಕ್ರೌರ್ಯ.

ತನ್ನ ಪಟ್ಟಶಿಷ್ಯರಾದ ಸಾರಿಪುತ್ರ, ಮೊಗ್ಗಲ್ಲಾನ ಇಬ್ಬರೂ ತೀರಿಕೊಂಡ ಮೇಲೆ ಗಂಗೆಯ ದಡದ ಉಕ್ಕಚೇಲದಲ್ಲಿ ಬುದ್ಧ ಭಿಕ್ಷುಗಳ ನಡುವೆ ಕೂತಿದ್ದ. ಮೌನವಾಗಿದ್ದ ಸಭೆಯನ್ನು ಒಮ್ಮೆ ನೋಡಿ, ಅವರಿಬ್ಬರಿಲ್ಲದೆ ಈ ಸಭೆ ನನಗೆ ಬರಿದಾಗಿ ಕಾಣುತ್ತಿದೆ ಎಂದ. ಶೋಕಿಸಲಿಲ್ಲ, ಆದರೆ ಬರಿದು ಬರಿದಾಗಿಯೇ ಕಂಡಿತು.

ತಿಂಗಳ ನಂತರ ಅಕ್ಕನಿಗೆ ಇದನ್ನು ಹೇಳಿದೆ. "ಹೌದಾ, ಅವರಿಗೂ ಹಾಗನ್ನಿಸಿತ್ತಾ?" ಎಂದು ಕೇಳಿದರು. ಹೂಂ ಎಂದೆ. ಸ್ವಲ್ಪ ಹೊತ್ತು ಗಂಡ ಕೂರುತ್ತಿದ್ದ ಕುರ್ಚಿಯ ಕಡೆ ನೋಡಿ, ಕಾಫಿಗೆ ಹಾಲು ಇಡಲು ಎದ್ದರು.