ಉಳಿದ ಅರ್ಧ ಕೆಲಸ

ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವನಿಗೆ ಎರಡು ಎತ್ತರಗಳ ಲೆಕ್ಕ ಬಾಯಿಪಾಠ ಇರಬೇಕು: ಒಂದು ರಸ್ತೆ ಉಬ್ಬಿನದು, ಇನ್ನೊಂದು ತನ್ನ ಕಾರಿನ ಹೊಟ್ಟೆಯದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದಂತೆ ಉಬ್ಬು 3.7 ಮೀಟರ್ ಅಗಲಕ್ಕೆ ಹರಡಿ, 10 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಬೇಕು. ನಮ್ಮ ಕಡೆಯ ಉಬ್ಬುಗಳು ಆ ಪುಸ್ತಕ ಓದಿದವಲ್ಲ. ಯಾರದೋ ಮನೆಯ ಕರು ಲಾರಿಗೆ ಸಿಕ್ಕ ಮರುದಿನ ಊರವರು ಸಿಟ್ಟಿನಲ್ಲಿ ಕಟ್ಟಿದವು. ಸಿಟ್ಟು ಎಷ್ಟಿತ್ತೋ ಎತ್ತರವೂ ಅಷ್ಟೇ. ನನ್ನ ಮಾರುತಿ 800ರ ಹೊಟ್ಟೆಗೂ ನೆಲಕ್ಕೂ ನಡುವೆ ಪೂರ್ತಿ ಒಂದು ಗೇಣು ಜಾಗವಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ, ನಾದಿನಿ, ಡಿಕ್ಕಿಯಲ್ಲಿ ಎರಡು ಬಾಳೆಗೊನೆ ಸೇರಿದರೆ ಇರುವುದರಲ್ಲೂ ಒಂದಿಷ್ಟು ಕಳೆಯಿತು.

ಆಗ ಮೊದಲು ಪೆಟ್ಟು ತಿನ್ನುವುದು ಚೇಂಬರ್. ಇಂಜಿನ್ನಿನ ಬುಡಕ್ಕೆ ಬೋಲ್ಟು ಹಾಕಿ ಕೂರಿಸಿರುವ ತಗಡಿನ ತೊಟ್ಟಿ ಅದು. ಮೇಲೆ ತಿರುಗುವ ಭಾಗಗಳಿಗೆಲ್ಲ ಮೈತುಂಬ ಎಣ್ಣೆ ಸವರಿ, ಬಿಸಿಯಾಗಿ ಇಳಿದು ಬಂದ ಆಯಿಲ್ ಅಲ್ಲಿ ಕೂಡಿಕೊಳ್ಳುತ್ತದೆ. ತಳದಿಂದ ತುಸುವೇ ಮೇಲೆ ಬಾಯಿ ಇಟ್ಟುಕೊಂಡ ಜಾಲರಿಯ ಮೂಲಕ ಪಂಪು ಅದನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ನನ್ನ ಕಾರಿನ ಚೇಂಬರ್ ಹಿಡಿಯುವುದು ಮೂರು ಲೀಟರಿಗೂ ಕಡಿಮೆ. ತಳ ಕಲ್ಲಿಗೆ ಬಡಿದು ಒಳಕ್ಕೆ ತಗ್ಗಿತೆಂದರೆ ಜಾಲರಿಯ ಬಾಯಿಗೇ ಒತ್ತಿಕೊಂಡು, ಪಂಪಿಗೆ ಉಸಿರು ಕಟ್ಟುತ್ತದೆ. ಆಮೇಲೆ ಬೇರಿಂಗು, ಆಮೇಲೆ ಕ್ರ್ಯಾಂಕು, ಆಮೇಲೆ ಗುಜರಿ.

ಈ ತೊಟ್ಟಿಗೂ ಒಂದು ವಂಶಾವಳಿ ಇದೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಆಯಿಲ್ ಪಂಪೂ ಇರಲಿಲ್ಲ, ಎಣ್ಣೆ ಅಳೆಯುವ ಕಡ್ಡಿಯೂ ಇರಲಿಲ್ಲ. ತಿರುಗುವ ಫ್ಲೈವೀಲ್ ಎಣ್ಣೆಯನ್ನು ಎರಚುತ್ತಿತ್ತು, ಎರಚಿದ್ದು ಹರಿದು ಬಂದು ತೊಟ್ಟಿಗೆ ಬೀಳುತ್ತಿತ್ತು. ಎಣ್ಣೆ ಎಷ್ಟಿದೆ ಎಂದು ತಿಳಿಯಬೇಕಾದರೆ ಕಾರಿನಡಿ ತೂರಿ, ಒಂದರ ಮೇಲೊಂದಿದ್ದ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ ನೋಡಬೇಕಿತ್ತು. ಇಂಜಿನ್, ಫ್ಲೈವೀಲ್, ಗೇರು ಎಲ್ಲದರ ಕೆಳಗೂ ಹಾಯುವ ಒಂದೇ ಒತ್ತು ತಗಡಿನ ಚೇಂಬರ್ ಅದು. ಉಕ್ಕಿನ ಹಾಳೆಯನ್ನು ಅಷ್ಟು ಆಳಕ್ಕೆ, ಹರಿಯದಂತೆ ಒತ್ತುವುದು ಆಗ ಎಲ್ಲರಿಗೂ ಬರುವ ವಿದ್ಯೆಯಲ್ಲ. ಬಫಲೋ ನಗರದ ಜಾನ್ ಆರ್. ಕೀಮ್ ಕಾರ್ಖಾನೆಗೆ ಬರುತ್ತಿತ್ತು. ಹಿಂದೆ ಸೈಕಲ್ಲಿನ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆ. 1911ರಲ್ಲಿ ಫೋರ್ಡ್ ಅದನ್ನು ಇಡಿಯಾಗಿ ಕೊಂಡುಕೊಂಡ. ಅಲ್ಲಿಂದ ಅವನ ಕೈಸೇರಿದ ವಿಲಿಯಂ ನಡ್ಸನ್ ಮುಂದೆ ಎದುರಾಳಿ ಜನರಲ್ ಮೋಟಾರ್ಸಿನ ಅಧ್ಯಕ್ಷನೇ ಆದ.

ನನ್ನ ಚೇಂಬರ್ ಬಡಿಸಿಕೊಂಡಾಗ ಒರಿಜಿನಲ್ ಸುಲಭಕ್ಕೆ ಸಿಗುವ ಕಾಲ ದಾಟಿತ್ತು. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗಿರಾಕಿಗೆ ಬೀಗದ ಕೈ ಕೊಟ್ಟ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಬೆಂಗಳೂರಿನಲ್ಲಿರುವ ಭಾವನ ಮಗ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಒರಿಜಿನಲ್ಲಿನ ಅರ್ಧಕ್ಕೂ ಕಡಿಮೆ ಬೆಲೆಗೆ ಒಂದು ಡೂಪ್ಲಿಕೇಟ್ ಹಿಡಿದು ಬಸ್ಸಿಗೆ ಹಾಕಿದ. ಕಪ್ಪು ಬಣ್ಣ ಬಳಿದುಕೊಂಡು, ಹಳೆಯದಕ್ಕಿಂತ ಲಕ್ಷಣವಾಗಿ ಬಂದಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಕೂರಿಸಿಯೂ ಕೊಟ್ಟರು. ಸೋರಲು ಶುರುವಾದದ್ದು ಮನೆಯಂಗಳಕ್ಕೆ ಬಂದ ಮೇಲೆ.

ಅಂಗಳ ಎಂದರೆ ಅಡಿಕೆ ಒಣಗುವ ಜಾಗ. ಸೆಗಣಿ ಸಾರಿಸಿದ ನೆಲದ ಮೇಲೆ ಕಾಸಿನಗಲದ ಕಪ್ಪು ಬೊಟ್ಟುಗಳು ಕಂಡಾಗ ಮನೆಯವಳು, "ಅಡಿಕೆಗೆ ಈ ನಾತ ಹಿಡಿದ್ರೆ ಮಂಡಿಯಲ್ಲಿ ನೀವೇ ನಿಂತು ಉತ್ತರ ಹೇಳಿ" ಎಂದಳು. ಕಾರು ಕೊಟ್ಟಿಗೆಯ ಆಚೆಗೆ ಗಡೀಪಾರಾಯಿತು. ನೆಂಟರ ಮನೆಗೆ ಹೋಗುವಾಗ ಹಳೆಯ ಪೇಪರಿನ ಕಟ್ಟು ಜೊತೆಗಿರುತ್ತಿತ್ತು. ಜಗಲಿ ಹತ್ತುವ ಮೊದಲು ಬಗ್ಗಿ ಕಾರಿನಡಿ ಪೇಪರು ಹಾಸುವ ಅಳಿಯನನ್ನು ಅತ್ತೆಮನೆಯ ಕೇರಿಯೇ ನಿಂತು ನೋಡುತ್ತಿತ್ತು.

ಕೊನೆಗೆ ಆಚಾರ್ರ ಹತ್ತಿರ ಹೋದೆ. ಅವರ ಅಪ್ಪ ಕತ್ತಿ, ಗುದ್ದಲಿ ಹದ ಹಾಕುತ್ತಿದ್ದ ಕುಲುಮೆಯ ಪಕ್ಕದಲ್ಲೇ ಇವರ ಗ್ಯಾರೇಜು. ಚೇಂಬರಿನ ಕತೆ ಪೂರ್ತಿ ಹೇಳುವ ಮೊದಲೇ ತಡೆದರು. "ಭಟ್ರೇ, ಎಣ್ಣೆ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ. ಮೊದ್ಲು ನೋಡುವ." ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಜಿನುಗಿದ್ದೂ ಇಂಜಿನ್ನಿನ ಮೈಮೇಲೆ ಇಳಿದು, ಓಡುವ ಗಾಳಿಗೆ ಹಿಂದಕ್ಕೆ ಸರಿದು, ಕಡೆಗೆ ಚೇಂಬರಿನ ಅಂಚಿನಿಂದಲೇ ತೊಟ್ಟಿಕ್ಕುತ್ತದಂತೆ. ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ ಪಿಸ್ಟನ್ ಪಕ್ಕದಿಂದ ನುಸುಳಿದ ಹೊಗೆಗೆ ಹೊರದಾರಿಯಿಲ್ಲದೆ ಒಳಗೆ ಒತ್ತಡ ಏರಿ, ಸರಿಯಿದ್ದ ಪ್ಯಾಕಿಂಗೂ ಸೋತುಬಿಡುತ್ತದೆ. ಅವರು ಪೈಪು ಕಳಚಿ ಊದಿ ನೋಡಿದರು. ಡೀಸೆಲ್ಲು, ಬ್ರಶ್ಶು ಹಿಡಿದು ಇಂಜಿನ್ನಿನ ಬುಡ ತೊಳೆದು, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರು ಉದುರಿಸಿದರು. ಸೇತುವೆವರೆಗೆ ಹೋಗಿ ಬರುವಷ್ಟರಲ್ಲಿ ಬಿಳಿಯ ಮೇಲೆ ಗೆರೆ ಮೂಡಿತ್ತು. ಟ್ಯಾಪೆಟ್ ಕವರ್ ನಿರಪರಾಧಿ. ಚೇಂಬರಿನ ಅಂಚಿನಲ್ಲಿ ಒಂದು ಗೆರೆ, ಡ್ರೈನ್ ನಟ್ಟಿನ ಬುಡದಲ್ಲಿ ಇನ್ನೊಂದು.

ಕಳಚಿದ ಚೇಂಬರನ್ನು ದಪ್ಪ ಗಾಜಿನ ಮೇಲೆ ಬೋರಲು ಹಾಕಿ, ಒಳಗೆ ಬ್ಯಾಟರಿ ಬೆಳಕು ಬಿಟ್ಟರು. ಮುಚ್ಚಿರಬೇಕಾದ ಅಂಚಿನ ಕೆಳಗಿಂದ ಬೆಳಕು ನಗುತ್ತಿತ್ತು. ಒತ್ತುಯಂತ್ರದಿಂದ ಹೊರಬಂದ ತಗಡು ತಣ್ಣಗೆ ತಿರುಚಿಕೊಂಡಿದೆ. ಸರಿಮಾಡುವ ಗೋಜಿಗೆ ಯಾರೂ ಹೋಗಿಲ್ಲ. ಅದರ ಮೇಲೆ ಸೋರಿಕೆ ನಿಲ್ಲಲೆಂದು ಬೋಲ್ಟುಗಳನ್ನು ಜಗ್ಗಿ ಬಿಗಿದಿದ್ದರಿಂದ ಪ್ರತಿ ತೂತಿನ ಸುತ್ತ ತಗಡು ಉಬ್ಬಿತ್ತು. ಉಬ್ಬಿದ ಕಡೆ ಮಾತ್ರ ಒತ್ತಿಕೊಂಡು, ಎರಡು ಬೋಲ್ಟುಗಳ ನಡುವೆ ಬಾಯಿ ಬಿಟ್ಟಿತ್ತು. ಬಿಗಿದಷ್ಟೂ ಸೋರುವುದರ ಗುಟ್ಟು ಅದು. ಡ್ರೈನ್ ನಟ್ಟಿನ ಕಡೆಗೆ ಆಚಾರ್ರು ಹೊರಗಿನಿಂದ ಸೀಮೆಸುಣ್ಣ ಉಜ್ಜಿ, ಒಳಗೆ ಒಂದಿಷ್ಟು ಸೀಮೆಎಣ್ಣೆ ಸುರಿದಿಟ್ಟರು. ಟೀ ಕುಡಿದು ಬರುವಾಗ ಸುಣ್ಣದಲ್ಲಿ ಸಾಸಿವೆಯಷ್ಟು ಒದ್ದೆ. ಬೆಸುಗೆಯಲ್ಲಿ ಸೂಜಿರಂಧ್ರ! ಹಿಂದೆ ರೈಲ್ವೆ ವರ್ಕ್‌ಶಾಪುಗಳಲ್ಲೂ ಇದೇ ಉಪಾಯದಿಂದ ಬಿರುಕು ಹುಡುಕುತ್ತಿದ್ದರು: ಭಾರಿ ಭಾಗಗಳನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆ ಸುಣ್ಣ ಬಳಿದರೆ ಬಿರುಕು ತಾನೇ ಒಸರಿ ತೋರಿಸಿಕೊಳ್ಳುತ್ತಿತ್ತು.

ಆಮೇಲೆ ನಡೆದದ್ದು ಕಾರ್ಖಾನೆಯ ಕೆಲಸ. ಸೂಜಿರಂಧ್ರಕ್ಕೆ ಹಿತ್ತಾಳೆ ಬೆಸುಗೆ ಬಿತ್ತು. ಅಪ್ಪನ ಕಾಲದ ಅಡಿಗಲ್ಲಿನ ಮೇಲೆ ಅಂಚನ್ನಿಟ್ಟು, ತೂತು ತೂತಿಗೂ ಸಣ್ಣ ಸುತ್ತಿಗೆಯಿಂದ ತಟ್ಟಿ, ಗಾಜಿಗೆ ಹಿಡಿದು ನೋಡಿ, ಮತ್ತೆ ತಟ್ಟಿ ಮಟ್ಟ ಮಾಡಿದರು. ಅಂಚಿನ ಬಣ್ಣವನ್ನು ಕೆರೆದು ತೆಗೆದರು. ಸೋರದಂತೆ ಅಂಚಿಗೆ ಹಚ್ಚುವ ಪೇಸ್ಟು ಬಣ್ಣಕ್ಕೆ ಅಂಟಿ, ಬಣ್ಣವೇ ತಗಡನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ.

ಅದನ್ನು ನೋಡುತ್ತ ಕೂತವನಿಗೆ ಇಂಗ್ಲೆಂಡಿನ ಒಂದು ಹಳೆಯ ಪರೀಕ್ಷೆ ನೆನಪಾಯಿತು. 1908ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ರಾಯಲ್ ಆಟೋಮೊಬೈಲ್ ಕ್ಲಬ್ಬಿನವರು ಅಮೆರಿಕದ ಮೂರು ಕ್ಯಾಡಿಲಾಕ್ ಕಾರುಗಳನ್ನು ನಟ್ಟುಬೋಲ್ಟು ಬಿಡದೆ ಬಿಚ್ಚಿ, ರಾಶಿ ಹಾಕಿ ಕಲಸಿಬಿಟ್ಟರು. ಕೆಲವು ಭಾಗಗಳನ್ನು ತೆಗೆದಿಟ್ಟು ಅಂಗಡಿಯ ಸರಕನ್ನು ಬೆರೆಸಿದರು. ಬರೀ ಸ್ಪ್ಯಾನರು, ಸ್ಕ್ರೂಡ್ರೈವರಿನಿಂದ ಮತ್ತೆ ಮೂರು ಕಾರು ಎದ್ದು, 500 ಮೈಲಿ ಓಡಿದವು. ಅರ ಹಿಡಿದು ಉಜ್ಜುವ ಕೆಲಸ ಎಲ್ಲೂ ಬೀಳಲಿಲ್ಲ. ಒಂದೊಂದು ಭಾಗವನ್ನೂ ಅದರ ಜೋಡಿಗೆ ಉಜ್ಜಿ ಹೊಂದಿಸುವ ಕುಶಲಕರ್ಮಿಗಳನ್ನೇ ನಂಬಿದ್ದ ಅಂದಿನ ಮೋಟಾರು ಲೋಕ ಬೆರಗಾಯಿತು. ಕ್ಯಾಡಿಲಾಕಿಗೆ ಡ್ಯೂವರ್ ಟ್ರೋಫಿ ಬಂತು. ಅಲ್ಲಿಂದಾಚೆಗೆ ಒಂದು ಕಾರಿನ ಭಾಗ ಇನ್ನೊಂದಕ್ಕೆ ಕೂರುವುದು ಪವಾಡವಾಗಿ ಉಳಿಯದೆ ವಾಡಿಕೆಯಾಯಿತು.

ಡೂಪ್ಲಿಕೇಟ್ ಮಾಲು ಆ ಪರೀಕ್ಷೆಯ ಹಿಂದಿನ ಕಾಲಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಬೈದು ಪ್ರಯೋಜನವಿಲ್ಲ, ಅದು ಮೋಸಕ್ಕಿಂತ ಹೆಚ್ಚಾಗಿ ಅರ್ಧಕ್ಕೆ ಬಿಟ್ಟ ಕೆಲಸ. ಒರಿಜಿನಲ್ಲಿನ ಬೆಲೆಯಲ್ಲಿ ಅಂಚು ಮಟ್ಟ ಮಾಡಿದ ಕೂಲಿ, ಬೆಸುಗೆ ಪರೀಕ್ಷಿಸಿದ ಕೂಲಿ, ಕೆಟ್ಟದ್ದನ್ನು ಎತ್ತಿ ಬದಿಗೆಸೆದ ನಷ್ಟ ಎಲ್ಲ ಸೇರಿರುತ್ತದೆ. ಅಗ್ಗದ ಮಾಲಿನವನು ಅಷ್ಟನ್ನೂ ಬಿಟ್ಟು ತಗಡನ್ನು ಮಾತ್ರ ಮಾರುತ್ತಾನೆ. ಬಿಟ್ಟ ಕೆಲಸ ಮಾಯವಾಗುವುದಿಲ್ಲ, ಯಾರದಾದರೂ ಅಡಿಗಲ್ಲಿನ ಮೇಲೆ ಬಂದು ಬೀಳುತ್ತದೆ. ಬೀಳದಿದ್ದರೆ ಅಂಗಳದ ಮೇಲೆ.

ಮರಳಿ ಕೂರಿಸುವಾಗ ಆಚಾರ್ರು ಪೇಸ್ಟಿನ ಟ್ಯೂಬನ್ನು ಬಲು ಜಿಪುಣತನದಿಂದ ಒತ್ತಿದರು. ತೂತುಗಳ ಒಳಬದಿಯಲ್ಲಿ ಒಂದು ತೆಳುಗೆರೆ, ಅಷ್ಟೇ. ಹೆಚ್ಚಾದದ್ದು ಒಳಕ್ಕೆ ಹಿಂಡಿಕೊಂಡು, ಒಂದು ದಿನ ತುಂಡಾಗಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಹೊರಗೆ ಸೋರದೆ ಒಳಗೇ ಇಂಜಿನ್ ಸಾಯುತ್ತದೆ. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುವಿ, ಆಮೇಲೆ ನಡುವಿನಿಂದ ಶುರುಮಾಡಿ ಎದುರುಬದುರಾಗಿ ಬಿಗಿಯುತ್ತ ಅಂಚಿಗೆ ಹೋದರು. ಅಂಥ ಆರು ಮಿಲಿಮೀಟರಿನ ಬೋಲ್ಟಿಗೆ 10 ನ್ಯೂಟನ್ ಮೀಟರಿನಷ್ಟು ಬಿಗಿ ಸಾಕು. ಆಚಾರ್ರ ಅಳತೆಯಲ್ಲಿ, "ಸ್ಪ್ಯಾನರಿಗೆ ಎರಡು ಬೆರಳು, ಭುಜ ಬೇಡ."

ಹೊರಗೆ ಆಷಾಢದ ಮಳೆ. ಇಂಥ ತೇವದಲ್ಲಿ ಪೇಸ್ಟು ಒಣಗುವುದುಂಟೇ ಎಂದು ನನಗೆ ಅನುಮಾನ. ಆದರೆ ಈ ಸಿಲಿಕೋನ್ ಪೇಸ್ಟಿನ ರೀತಿಯೇ ಬೇರೆ: ಗಾಳಿಯ ತೇವವನ್ನು ಹೀರಿಕೊಂಡೇ ಅದು ಗಟ್ಟಿಯಾಗುವುದು, ಹಾಗಾಗುವಾಗ ಕೆಲವು ಬಗೆಯವು ವಿನೆಗರಿನ ಹುಳಿವಾಸನೆಯನ್ನೂ ಬಿಡುತ್ತವೆ. ಅಡಿಕೆ, ಹಪ್ಪಳ, ಬಟ್ಟೆ ಯಾವುದನ್ನೂ ಒಣಗಗೊಡದ ನಮ್ಮ ಮಳೆಗಾಲ ಇದೊಂದಕ್ಕಾದರೂ ಉಪಕಾರಿ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ತಾಮ್ರದ ಹೊಸ ವಾಷರ್ ಹಾಕಿ ಡ್ರೈನ್ ನಟ್ಟು ಬಿಗಿದು, ಆಯಿಲ್ ತುಂಬಿದರು. ಕಾರು ಕೊಟ್ಟಿಗೆಯಾಚೆಯಿಂದ ಅಂಗಳಕ್ಕೆ ಮರಳಿತು.

ಆಚಾರ್ರು ಬರೆದ ಚೀಟಿಯಲ್ಲಿ ಪೇಸ್ಟು, ವಾಷರು, ಆಯಿಲ್ ಒಂದೊಂದಕ್ಕೂ ಸಾಲು ಇತ್ತು. ಗಾಜು, ಸೀಮೆಸುಣ್ಣ, ಸುತ್ತಿಗೆ, ಹಿತ್ತಾಳೆ, ಎರಡು ಬೆರಳಿನ ಅಂದಾಜು ಎಲ್ಲಕ್ಕೂ ಸೇರಿ ಕೊನೆಯಲ್ಲಿ ಒಂದೇ ಸಾಲು: ಮಜೂರಿ. ಜೆ.ಸಿ. ರಸ್ತೆಯ ಬೆಲೆಗೆ ಅದನ್ನು ಕೂಡಿಸಿದರೆ ಹೆಚ್ಚುಕಡಿಮೆ ಒರಿಜಿನಲ್ಲಿನ ಬೆಲೆಯೇ ಆಗುತ್ತಿತ್ತು. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿತು. ಅರ ಬೇಡವೆಂದು ತೋರಿಸಿದವರಿಗೆ ಇಂಗ್ಲೆಂಡಿನವರು ಟ್ರೋಫಿ ಕೊಟ್ಟರು. ಅರ ಹಿಡಿದೇ ಬದುಕಬೇಕಾದವರಿಗೆ ಟ್ರೋಫಿ ಇಟ್ಟವರನ್ನು ನಾನು ಕಂಡಿಲ್ಲ. ನನ್ನ ಕೈಯಲ್ಲಿ ಆಗುವುದು ಇಷ್ಟೇ: ಆಚಾರ್ರ ಚೀಟಿಯ ಕೊನೆಯ ಸಾಲಿನಲ್ಲಿ ಚೌಕಾಸಿ ಮಾಡುವುದಿಲ್ಲ.