ನಾವು ನೋಡಬೇಕೆಂದಿರುವ ನಡುಗಡ್ಡೆ

ಭೂಗೋಳದ ತಾಸಿನಲ್ಲಿ ಅಕ್ಕೋರು ಒಂದು ಚಿತ್ರ ತೋರಿಸಿದರು. ಸ್ಕಾಟ್ಲೆಂಡಿನ ಸ್ಟಾಫಾ ಎಂಬ ನಡುಗಡ್ಡೆ. ಸುತ್ತಲೂ ಸಮುದ್ರ, ನಡುವೆ ಸಾಲಾಗಿ ಕಂಬ ನಿಲ್ಲಿಸಿದಂತೆ ಕರಿಕಲ್ಲು. ಲಕ್ಕುಂಡಿ ಗುಡಿಯ ಕಂಬದ ಹಾಗೆ ಯಾರೋ ಕಡೆದಿರಬೇಕು ಅಂದುಕೊಂಡೆ. ಯಾರೂ ಕಡೆದಿಲ್ಲವಂತೆ!

"ಅಲ್ಲಿಗೆ ಹೋಗಾಕ ಎಷ್ಟು ರೊಕ್ಕ ಬೇಕ್ರಿ?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ನಾವೆಲ್ಲ ನಕ್ಕೆವು. ಅಕ್ಕೋರು ನಗಲಿಲ್ಲ. "ಅಷ್ಟು ದೂರ ಯಾಕ? ಇಂಥಾದ್ದು ನಮ್ಮ ಉಡುಪಿ ಜಿಲ್ಲಾದಾಗೂ ಐತಿ" ಅಂದರು.

ಅದೇ ಸೇಂಟ್ ಮೇರೀಸ್ ದ್ವೀಪ. ಮಲ್ಪೆ ಬಂದರದಿಂದ ದೋಣಿಯಲ್ಲಿ ಹೋಗಬೇಕು. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ಇಳಿದು ಆ ಹೆಸರು ಇಟ್ಟನೆಂದು ಹೇಳುತ್ತಾರೆ. ಅಲ್ಲಿಯ ಕಲ್ಲು ಸುಮಾರು 8.8 ಕೋಟಿ ವರ್ಷ ಹಳೆಯದು. ಆಗ ನಮ್ಮ ನೆಲದಿಂದ ಮಡಗಾಸ್ಕರ್ ಬೇರೆಯಾಗುತ್ತಿತ್ತಂತೆ. ಈ ಸಲದ ಶಾಲಾ ಪ್ರವಾಸ ಅಲ್ಲಿಗೇ ಎಂದು ಗೊತ್ತಾದ ದಿನ ನಾವು ನಾಲ್ವರು ಗೆಳತಿಯರು ನೋಟಬುಕ್ಕಿನ ಕೊನೇ ಹಾಳೆಯಲ್ಲಿ ದಾರಿ ಬರೆದೆವು. ಲಕ್ಷ್ಮೇಶ್ವರ, ಹಾವೇರಿ, ಶಿರಸಿ, ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ.

ಹೋಗುವುದು ಯಾವಾಗ ಎಂಬುದೇ ದೊಡ್ಡ ತಕರಾರು. ಜೂನ್‌ದಿಂದ ಸೆಪ್ಟೆಂಬರ್‌ವರೆಗೆ ಕಡಲು ಉಕ್ಕುತ್ತದೆ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಡಿಸೆಂಬರದಲ್ಲಿ ನಮ್ಮ ಮನೆಯಲ್ಲಿ ಹತ್ತಿ ಬಿಡಿಸುವುದು, ಜನವರಿಯಲ್ಲಿ ಮೆಣಸಿನಕಾಯಿ. ಬ್ಯಾಸಿಗಿಯಲ್ಲಿ ಸಾಲಿಯೇ ಇರುವುದಿಲ್ಲ. ಕೊನೆಗೆ ಡಿಸೆಂಬರ್ ಎಂದಾಯಿತು.

ಮನೆಯಲ್ಲಿ ಹೇಳಿದೆ. ಅಪ್ಪ ಒಂದೇ ಮಾತು: "ಬ್ಯಾಡ." ರೊಕ್ಕಕ್ಕಾಗಿ ಅಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರಲ್ಲ, ಆ ಸುದ್ದಿ ಅಪ್ಪನ ತಲೆಯಿಂದ ಹೋಗಿಲ್ಲ. ಅವರೂ ನನ್ನಷ್ಟೇ ಹುಡುಗಿಯರು. ನಮ್ಮ ಬಸ್ಸು ಹೋಗುವುದೂ ಮುರ್ಡೇಶ್ವರದ ಮ್ಯಾಲೇ. ನನಗೆ ಸಿಟ್ಟು ಬಂತು, ಆದರೆ ಎದುರು ಮಾತಾಡಲು ಬಾಯಿ ಬರಲಿಲ್ಲ. ಈಜು ನನಗೂ ಬರುವುದಿಲ್ಲ. ನಾನು ಕಂಡ ದೊಡ್ಡ ನೀರೆಂದರೆ ಮಾಗಡಿ ಕೆರೆ.

ಆಯಿ ಮಾತ್ರ ನನ್ನ ಪರ ನಿಂತಳು. "ಅಲ್ಲೆಲ್ಲೋ ಮಂಗೋಲಿಯಾದಿಂದ ಹಕ್ಕಿ ಬಂದು ನಮ್ಮ ಮಾಗಡಿ ಕೆರಿ ನೋಡಿ ಹೊಕ್ಕಾವು. ಇಕಿ ಮಲ್ಪೆಗೆ ಹೋಗಬಾರದೇನು?" ಅಪ್ಪ ಉತ್ತರ ಕೊಡದೆ ಎದ್ದು ಹೋದ.

ಮುಂದಿನ ರವಿವಾರ ಹತ್ತಿ ಹೊಲಕ್ಕೆ ಹೋಗಿದ್ದೆವು. ನಮ್ಮದು ಎರಿ ಹೊಲ, ಹಸಿ ಆರಿದ ಕಡೆ ಆಗಲೇ ಬಿರಿದಿತ್ತು. ನೋಡುತ್ತಾ ಕುಳಿತಾಗ ಅಕ್ಕೋರು ಹೇಳಿದ್ದು ನೆನಪಾಯಿತು. ಸುಡುವ ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗಿ ಬಿರಿಯುತ್ತದೆ. ಬಿರುಕು ಒಳಗೊಳಗೆ ಇಳಿದಂತೆ ಐದು ಮೂಲೆ, ಆರು ಮೂಲೆಯ ಕಂಬಗಳಾಗುತ್ತವೆ. "ಅಪ್ಪಾ, ಆ ದ್ವೀಪದ ಕಲ್ಲೂ ಹಿಂಗ ಬಿರದಾವಂತ, ನಮ್ಮ ಎರಿ ಬಿರದಂಗ" ಎಂದೆ.

ಅಪ್ಪ ಬಂದು ನೋಡಿದ. ಒಂದು ಹತ್ತಿಕಟ್ಟಿಗೆ ಮುರಿದು ಬಿರುಕಿನಲ್ಲಿ ಇಳಿಸಿದ. ಮೊಣಕೈ ಉದ್ದ ಒಳಗೆ ಹೋಯಿತು. "ಕಲ್ಲು ಹಿಂಗ ಬಿರೀತದಾ?" ಎಂದು ಎರಡು ಸಲ ಕೇಳಿದ. ಆಮೇಲೆ ಬಹಳ ಹೊತ್ತು ಹತ್ತಿ ಬಿಡಿಸಿದ. ಮನೆಗೆ ಬರುವಾಗ, "ನೀರಿಗಿ ಇಳಿಯಂಗಿಲ್ಲ ಅಂತ ಅಕ್ಕೋರು ಬರದು ಕೊಡ್ತಾರೇನು?" ಅಂದ.

ಕೇಳಿದೆ. ಅಕ್ಕೋರು ಬರೆದು ಕೊಟ್ಟರು. ಅದನ್ನೇ ಎಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ. ದಂಡೆಯಲ್ಲೂ ದ್ವೀಪದಲ್ಲೂ ಯಾರೂ ನೀರಿಗೆ ಇಳಿಯಬಾರದು, ಪಾದ ತೊಯಿಸಿಕೊಳ್ಳಲೂ ಸಹ. ಲೈಫ್ ಜಾಕೆಟ್ ಹಾಕಿಕೊಳ್ಳದೆ ದೋಣಿ ಹತ್ತಬಾರದು. ಹಸಿ ಕಲ್ಲು ಜಾರುತ್ತದೆ, ಅದರ ಮೇಲೆ ಏರಬಾರದು. ಕುಡಿಯುವ ನೀರು ಜೊತೆಗೇ ಒಯ್ಯಬೇಕು. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಸಂಜೆಯೊಳಗೆ ಮಲ್ಪೆಗೆ ಮರಳಬೇಕು.

ಆ ಚೀಟಿ ಈಗ ಅಪ್ಪನ ಅಂಗಿ ಕಿಸೆಯಲ್ಲಿದೆ. ಹೌದು ಅಂದಿಲ್ಲ, ಬ್ಯಾಡ ಅಂತಲೂ ಅಂದಿಲ್ಲ. ಹೆಸರು ಬರೆಸಲು ಶನಿವಾರ ಕಡೇ ದಿನ. ಪಟ್ಟಿಯಲ್ಲಿ ನನ್ನ ಹೆಸರಿನ ಜಾಗ ಒಂದು ಸಾಲು ಖಾಲಿ ಬಿಡಿರಿ.

— 9ನೇ ತರಗತಿಯ ವಿದ್ಯಾರ್ಥಿನಿ